ಕುಸುಮ ರೋಗ ಕೊಟ್ಟ ಕೆಲಸ

ಕೊಕ್ಕೋ ತೋಟದಲ್ಲಿ ಇಲಿಕಾಟ ಇರುವವರಿಗೆ ಬ್ರೋಮಡಯೋಲೋನ್ ಕೇಕು ಹೊಸತಲ್ಲ. ಗೆಲ್ಲಿನ ಸಂದಿಯಲ್ಲಿ ಇಟ್ಟ ಕೇಕು ತಿಂದ ಇಲಿ ಅಲ್ಲೇ ಬಿದ್ದು ಸಾಯುವುದಿಲ್ಲ. ಮೂರು-ನಾಲ್ಕು ದಿನ ಓಡಾಡಿಕೊಂಡೇ ಇರುತ್ತದೆ. ಆಮೇಲೆ ಒಳಗೊಳಗೇ ರಕ್ತ ಸೋರಿ ಸಾಯುತ್ತದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಕೆಲವು ಅಂಶಗಳನ್ನು ಲಿವರ್ ತಯಾರಿಸುತ್ತದೆ. ಆ ತಯಾರಿಯನ್ನೇ ಈ ವಿಷ ನಿಲ್ಲಿಸಿಬಿಡುತ್ತದೆ. ಓಡುವಾಗ, ಹಾರುವಾಗ ಮೈಯೊಳಗೆ ಆಗುವ ಸಣ್ಣಪುಟ್ಟ ಗಾಯ ಮುಚ್ಚುವುದೇ ಇಲ್ಲ.

ಯಾವ ವಿಷವನ್ನೂ ತಿನ್ನದೆ, ಹುಟ್ಟುವಾಗಲೇ ಇಂಥ ರಕ್ತ ಇರುವ ಮಕ್ಕಳಿದ್ದಾರೆ. ಅಂಥವರಲ್ಲಿ ನಾನೊಬ್ಬ. ಕಾಯಿಲೆಯ ಹೆಸರು ಹಿಮೋಫಿಲಿಯಾ. ಕನ್ನಡದಲ್ಲಿ ಕುಸುಮ ರೋಗ ಅಂತ ಹೇಳುತ್ತಾರೆ. ಹೆಸರು ಕೇಳಲಿಕ್ಕೆ ಚಂದ ಉಂಟು, ಅಷ್ಟೆ.

ರಕ್ತ ಹೆಪ್ಪುಗಟ್ಟಿಸುವ ಅಂಶಗಳಿಗೆ ‘ಫ್ಯಾಕ್ಟರ್’ ಅನ್ನುತ್ತಾರೆ. ವೈದ್ಯರು ಅವಕ್ಕೆ ನಂಬರು ಕೊಟ್ಟಿದ್ದಾರೆ. 8ನೇ ಫ್ಯಾಕ್ಟರ್ ಕಡಿಮೆ ಇದ್ದರೆ ಹಿಮೋಫಿಲಿಯಾ ‘ಎ’. 9ನೆಯದು ಕಡಿಮೆ ಇದ್ದರೆ ‘ಬಿ’. ಹುಟ್ಟುವ ಗಂಡುಮಕ್ಕಳಲ್ಲಿ ಸುಮಾರು 5,000ಕ್ಕೆ ಒಬ್ಬನಿಗೆ ‘ಎ’ ಬರುತ್ತದೆ. ‘ಬಿ’ ಅದಕ್ಕಿಂತ ಬಹಳ ಅಪರೂಪ. ಇರಬೇಕಾದ ಪ್ರಮಾಣದ ನೂರರಲ್ಲಿ ಒಂದು ಪಾಲೂ ಫ್ಯಾಕ್ಟರ್ ಇಲ್ಲದಿದ್ದರೆ ಅದು ತೀವ್ರ ರೀತಿಯದ್ದು. ನನ್ನದು ಅದೇ.

ಬೆರಳು ಕೊಯ್ದುಕೊಂಡರೆ ಇವರು ಸತ್ತೇ ಹೋಗುತ್ತಾರೆ ಅಂತ ಕೆಲವರು ತಿಳಿದಿದ್ದಾರೆ. ಹಾಗೇನಿಲ್ಲ. ನಮ್ಮ ರಕ್ತ ಬೇರೆಯವರದ್ದಕ್ಕಿಂತ ಜೋರಾಗಿ ಹರಿಯುವುದಿಲ್ಲ, ಹೆಚ್ಚು ಹೊತ್ತು ಹರಿಯುತ್ತದೆ. ಚರ್ಮದ ಮೇಲಿನ ಸಣ್ಣ ಗಾಯವನ್ನು ಒತ್ತಿ ಹಿಡಿದರೆ ಹೆಚ್ಚಾಗಿ ನಿಲ್ಲುತ್ತದೆ. ಅಪಾಯ ಇರುವುದು ಕಣ್ಣಿಗೆ ಕಾಣದ ಕಡೆ. ಮೊಣಕಾಲು, ಮೊಣಕೈ, ಪಾದದ ಗಂಟು, ತೊಡೆಯ ಸ್ನಾಯು, ಹೊಟ್ಟೆ, ಕುತ್ತಿಗೆ, ತಲೆ.

ಬಿಸಿ ಶಾಖದ ದಿನಗಳು

ನಾನು ಹುಟ್ಟಿದ್ದು 1970ರಲ್ಲಿ, ಸುಳ್ಯದ ಕಡೆ ಒಂದು ಅಡಿಕೆ ತೋಟದ ಮನೆಯಲ್ಲಿ. ಅಂಬೆಗಾಲಿಡುವಾಗಲೇ ಮೊಣಕಾಲ ಮೇಲೆ ನೀಲಿ ಕಲೆ ಬೀಳುತ್ತಿತ್ತಂತೆ. ಮೂರು ವರ್ಷಕ್ಕೆ ಬಲ ಮೊಣಕಾಲು ತೆಂಗಿನಕಾಯಿಯ ಹಾಗೆ ಊದಿತು. ವಾತ ಅಂತ ಎಣ್ಣೆ ತಿಕ್ಕಿದರು, ಬಿಸಿ ಶಾಖ ಕೊಟ್ಟರು. ಯಾರು ಮಾಡಿದರೂ ಅದನ್ನೇ ಮಾಡುತ್ತಿದ್ದರು, ಬೇರೆ ಗೊತ್ತಿರಲಿಲ್ಲ. ಒಳಗೆ ರಕ್ತ ಸೋರುತ್ತಿರುವ ಗಂಟನ್ನು ತಿಕ್ಕಿದರೆ, ಬಿಸಿ ಮಾಡಿದರೆ ಸೋರುವುದು ಇನ್ನೂ ಜಾಸ್ತಿ. ಹದಿನೈದು ದಿನ ಚಾಪೆ, ಎಂಟು ದಿನ ಅಂಗಳ, ಪುನಃ ಚಾಪೆ. ನನ್ನ ಬಾಲ್ಯ ಹೀಗೆ ಹೋಯಿತು.

ಗಂಟಿನೊಳಗೆ ಆಗುವುದನ್ನು ಕೃಷಿಕರಿಗೆ ಹೇಳುವುದು ಸುಲಭ. ತೋಡಿಗೆ ಹಾಕಿದ ಕಟ್ಟದಲ್ಲಿ ಒಂದು ಬದಿ ಸಣ್ಣಗೆ ಸೋರಲು ಸುರುವಾದರೆ ಏನಾಗುತ್ತದೆ? ನೀರು ಪುನಃ ಪುನಃ ಅದೇ ಜಾಗ ಹುಡುಕುತ್ತದೆ, ತೂತು ದೊಡ್ಡದಾಗುತ್ತಾ ಹೋಗುತ್ತದೆ. ಗಂಟಿನೊಳಗೆ ರಕ್ತ ನಿಂತರೆ ಅದರ ಒಳಪದರ ಕೆರಳಿ ದಪ್ಪವಾಗುತ್ತದೆ. ದಪ್ಪವಾದ ಪದರದಲ್ಲಿ ರಕ್ತನಾಳ ಹೆಚ್ಚು, ಹಾಗಾಗಿ ಅದೇ ಗಂಟಿನಲ್ಲಿ ಪುನಃ ರಕ್ತಸ್ರಾವ. ಕೊನೆಗೆ ಮೂಳೆಗಳ ನಡುವಿನ ಮೆತ್ತನೆಯ ಭಾಗ ಸವೆದು ಗಂಟು ಮಡಚಿದಲ್ಲಿಯೇ ನಿಲ್ಲುತ್ತದೆ. ನನ್ನ ಬಲ ಮೊಣಕಾಲು ಇವತ್ತಿಗೂ ಪೂರ್ತಿ ನೆಟ್ಟಗಾಗುವುದಿಲ್ಲ.

ಒಮ್ಮೆ ಜ್ವರಕ್ಕೆ ಅಂತ ಒಂದು ದವಾಖಾನೆಯಲ್ಲಿ ಸೊಂಟಕ್ಕೆ ಇಂಜೆಕ್ಷನ್ ಚುಚ್ಚಿದರು. ಮನೆಗೆ ಮುಟ್ಟುವಷ್ಟರಲ್ಲಿ ಆ ಬದಿ ಕಲ್ಲಿನ ಹಾಗಾಯಿತು. ಒಂದು ತಿಂಗಳು ಎದ್ದು ಕೂರಲಿಕ್ಕಾಗಲಿಲ್ಲ. ಆ ಕಾರಣಕ್ಕೆ ದೊಡ್ಡ ಆಸ್ಪತ್ರೆಗೆ ಹೋದದ್ದು, ರಕ್ತ ಪರೀಕ್ಷೆ ಆದದ್ದು, ಕಾಯಿಲೆಗೆ ಹೆಸರು ಸಿಕ್ಕಿದ್ದು. ಆಗ ನನಗೆ ಒಂಬತ್ತು ವರ್ಷ.

ಹೆಸರು ಸಿಕ್ಕಿದ ದಿನ ಅಮ್ಮನಿಗೆ ಮತ್ತೊಂದು ನೆನಪು ಬಂತು. ಅವರ ಅಣ್ಣ ಒಬ್ಬರು ಹಲ್ಲು ಕೀಳಿಸಿಕೊಂಡು ಬಂದ ಮೇಲೆ ರಕ್ತ ನಿಲ್ಲದೆ ಹದಿನಾರನೇ ವರ್ಷದಲ್ಲಿ ತೀರಿಹೋಗಿದ್ದರು. ಊರಲ್ಲಿ ಅದನ್ನು ದೈವದ ಉಪದ್ರ ಅಂತ ಹೇಳುತ್ತಿದ್ದರು.

ತಾಯಿಯನ್ನು ದೂರುವ ಮೊದಲು

ಈ ಕಾಯಿಲೆ ಹೆಚ್ಚಾಗಿ ತಾಯಿಯ ಕಡೆಯಿಂದ ಬರುತ್ತದೆ. ಈ ಒಂದು ಮಾತಿನಿಂದ ಎಷ್ಟೋ ಮನೆಗಳಲ್ಲಿ ಹೆಂಗಸರ ಕಣ್ಣೀರು ಹರಿದಿದೆ. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುತ್ತೇನೆ.

8 ಮತ್ತು 9ನೇ ಫ್ಯಾಕ್ಟರ್ ತಯಾರಿಸುವ ಸೂಚನೆ ಇರುವುದು ‘ಎಕ್ಸ್’ ಎಂಬ ವರ್ಣತಂತುವಿನಲ್ಲಿ. ಹೆಂಗಸರಲ್ಲಿ ಎರಡು ಎಕ್ಸ್, ಗಂಡಸರಲ್ಲಿ ಒಂದೇ. ಹೆಂಗಸಿನ ಒಂದು ಎಕ್ಸ್‌ನಲ್ಲಿ ದೋಷವಿದ್ದರೂ ಇನ್ನೊಂದು ಹೆಚ್ಚಾಗಿ ಸುಧಾರಿಸಿಕೊಂಡು ಹೋಗುತ್ತದೆ. ಅವಳಿಗೆ ‘ವಾಹಕಿ’ ಅನ್ನುತ್ತಾರೆ. ಎಷ್ಟೋ ಸಲ ಅವಳಿಗೇ ಅದು ಗೊತ್ತಿರುವುದಿಲ್ಲ. ಅವಳ ಪ್ರತಿಯೊಬ್ಬ ಮಗನಿಗೆ ಕಾಯಿಲೆ ಬರುವ ಸಾಧ್ಯತೆ ಅರ್ಧಕ್ಕರ್ಧ. ಪ್ರತಿಯೊಬ್ಬ ಮಗಳು ವಾಹಕಿಯಾಗುವ ಸಾಧ್ಯತೆಯೂ ಅಷ್ಟೇ. ಕಾಯಿಲೆ ಇರುವ ಗಂಡಸಿನ ಗಂಡುಮಕ್ಕಳಿಗೆ ಅವನಿಂದ ಕಾಯಿಲೆ ಬರುವುದಿಲ್ಲ. ಹೆಣ್ಣುಮಕ್ಕಳೆಲ್ಲ ವಾಹಕಿಯರು.

ಇನ್ನೊಂದು ಮಾತು ಎಲ್ಲರೂ ನೆನಪಿಡಬೇಕು. ಮೂರರಲ್ಲಿ ಒಂದು ಪಾಲಿನಷ್ಟು ಮಕ್ಕಳ ಕುಟುಂಬದಲ್ಲಿ ಹಿಂದೆ ಯಾರಿಗೂ ಈ ಕಾಯಿಲೆ ಇರುವುದಿಲ್ಲ. ತೋಟದಲ್ಲಿ ಒಂದೇ ತಾಯಿಮರದ ಸಸಿಗಳ ನಡುವೆ ಒಂದು ಬೇರೆಯೇ ಆಗಿ ಬರುವುದಿಲ್ಲವೇ, ಹಾಗೆ ಹೊಸತಾಗಿ ಆದ ಬದಲಾವಣೆ ಅದು.

ಬ್ರಿಟನ್ನಿನ ರಾಣಿ ವಿಕ್ಟೋರಿಯಾ ವಾಹಕಿಯಾಗಿದ್ದರು. ಅವರ ಮಗ ಲಿಯೋಪೋಲ್ಡ್‌ಗೂ, ಮರಿಮಗನಾದ ರಷ್ಯಾದ ಯುವರಾಜ ಅಲೆಕ್ಸಿಗೂ ಈ ಕಾಯಿಲೆ ಇತ್ತು. ಅದು ‘ಬಿ’ ಎಂಬುದು ಅಲೆಕ್ಸಿಯ ಕುಟುಂಬದ ಅಸ್ಥಿಗಳ ಪರೀಕ್ಷೆಯಿಂದ 2009ರಲ್ಲಿ ಖಚಿತವಾಯಿತು. ಅರಮನೆಗೂ ಬಂದ ಕಾಯಿಲೆ ನಮ್ಮ ಮನೆಗೆ ಬಂದರೆ ಅದಕ್ಕೆ ದೈವವನ್ನೋ ಸೊಸೆಯನ್ನೋ ದೂರುವುದು ಯಾಕೆ?

ಒಂದು ಮೊಣಕಾಲಿಗೆ ಹತ್ತು ಜನ

ಹಿಂದೆ ಇದಕ್ಕೆ ಇದ್ದ ಮದ್ದು ಬೇರೆಯವರ ರಕ್ತ ಅಥವಾ ಅದರ ಪ್ಲಾಸ್ಮಾ ಮಾತ್ರ. ಬಾಟಲಿಗಟ್ಟಲೆ ಕೊಟ್ಟರೂ ಬೇಕಾದಷ್ಟು ಫ್ಯಾಕ್ಟರ್ ಸಿಗುತ್ತಿರಲಿಲ್ಲ. 1964ರಲ್ಲಿ ಅಮೆರಿಕದ ಸ್ಟ್ಯಾನ್‌ಫೋರ್ಡ್‌ನಲ್ಲಿ ಜೂಡಿತ್ ಪೂಲ್ ಎಂಬ ವಿಜ್ಞಾನಿ ಒಂದು ಸಂಗತಿ ಗಮನಿಸಿದರು. ಹೆಪ್ಪುಗಟ್ಟಿಸಿಟ್ಟ ಪ್ಲಾಸ್ಮಾವನ್ನು ನಿಧಾನಕ್ಕೆ ಕರಗಿಸಿದರೆ ತಳದಲ್ಲಿ ಸ್ವಲ್ಪ ಗಸಿ ಉಳಿಯುತ್ತದೆ. 8ನೇ ಫ್ಯಾಕ್ಟರ್ ಹೆಚ್ಚಾಗಿ ಇರುವುದು ಆ ಗಸಿಯಲ್ಲೇ! ಅದರ ಹೆಸರು ಕ್ರಯೋಪ್ರೆಸಿಪಿಟೇಟ್. ಬಾಯಿಮಾತಿನಲ್ಲಿ ಕ್ರಯೋ. ದೊಡ್ಡ ಕಾರ್ಖಾನೆ ಬೇಡ, ರಕ್ತನಿಧಿಯಲ್ಲೇ ತಯಾರಿಸಬಹುದು. 9ನೇ ಫ್ಯಾಕ್ಟರ್ ಇದರಲ್ಲಿ ಇರುವುದಿಲ್ಲವಾದ್ದರಿಂದ ‘ಬಿ’ ಇರುವವರಿಗೆ ಇದು ಪ್ರಯೋಜನವಿಲ್ಲ.

ಒಬ್ಬ ದಾನಿಯ ರಕ್ತದಿಂದ ಸಿಗುವ ಒಂದು ಚೀಲ ಕ್ರಯೋದಲ್ಲಿ ಸುಮಾರು 80ರಿಂದ 100 ಯೂನಿಟ್ ಫ್ಯಾಕ್ಟರ್ ಇರುತ್ತದೆ. 50 ಕಿಲೋ ತೂಕದವನ ಒಂದು ಮೊಣಕಾಲಿನ ರಕ್ತ ನಿಲ್ಲಿಸಲು ಕಿಲೋಗೆ 15 ಯೂನಿಟ್ ಲೆಕ್ಕ ಹಿಡಿದರೂ 750 ಯೂನಿಟ್ ಬೇಕು. ಅಂದರೆ ಎಂಟು-ಹತ್ತು ಜನರ ರಕ್ತ. ಕೊಟ್ಟ ಫ್ಯಾಕ್ಟರಿನ ಬಲ ಎಂಟು-ಹನ್ನೆರಡು ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ದೊಡ್ಡ ಏಟಾದರೆ ದಿನಕ್ಕೆರಡು ಸಲ, ಹಲವು ದಿನ ಕೊಡಬೇಕು. ನನ್ನ ಹದಿಹರೆಯದ ಲೆಕ್ಕ ಹಾಕಿದರೆ ಸಾವಿರಕ್ಕೂ ಹೆಚ್ಚು ಜನರ ರಕ್ತ ನನ್ನ ಮೈಯಲ್ಲಿ ಓಡಿದೆ. ಅವರಲ್ಲಿ ಒಬ್ಬರ ಮುಖವೂ ನನಗೆ ಗೊತ್ತಿಲ್ಲ.

1970ರ ದಶಕದಲ್ಲಿ ವಿದೇಶಗಳಲ್ಲಿ ಸಾವಿರಾರು ದಾನಿಗಳ ಪ್ಲಾಸ್ಮಾ ಒಟ್ಟು ಸೇರಿಸಿ ಫ್ಯಾಕ್ಟರನ್ನು ಪುಡಿ ಮಾಡಿ ಸೀಸೆಯಲ್ಲಿ ಕೊಡಲು ಸುರು ಮಾಡಿದರು. ಮನೆಯಲ್ಲೇ ಚುಚ್ಚಿಕೊಳ್ಳಬಹುದು! ಆದರೆ ಹಾಲಿನ ಸೊಸೈಟಿಗೆ ಹೋಗುವವರಿಗೆ ಗೊತ್ತುಂಟಲ್ಲ, ಒಂದು ಮನೆಯ ಹಾಲು ಕೆಟ್ಟಿದ್ದರೆ ಇಡೀ ಕ್ಯಾನು ಕೆಡುತ್ತದೆ. 1980ರ ದಶಕದ ಆರಂಭದಲ್ಲಿ ಏಡ್ಸ್ ಮತ್ತು ಹೆಪಟೈಟಿಸ್ ರೋಗಾಣುಗಳು ಈ ಸೀಸೆಗಳಲ್ಲಿ ಸೇರಿ ಸಾವಿರಾರು ಹಿಮೋಫಿಲಿಯಾ ರೋಗಿಗಳು ತೀರಿಹೋದರು. ಆ ದಶಕದ ನಡುವಿನಲ್ಲಿ ಫ್ಯಾಕ್ಟರನ್ನು ಬಿಸಿ ಮಾಡಿ ರೋಗಾಣು ಕೊಲ್ಲುವ ಕ್ರಮ ಬಂತು. 1984ರಲ್ಲಿ 8ನೇ ಫ್ಯಾಕ್ಟರಿನ ವಂಶವಾಹಿ ಪತ್ತೆಯಾಯಿತು. ಆಮೇಲೆ 1990ರ ದಶಕದಲ್ಲಿ ಮನುಷ್ಯರ ರಕ್ತವಿಲ್ಲದೆಯೇ ಪ್ರಯೋಗಶಾಲೆಯಲ್ಲಿ ಬೆಳೆಸಿದ ಕೋಶಗಳಿಂದ ಫ್ಯಾಕ್ಟರ್ ತಯಾರಾಗಿ ಮಾರುಕಟ್ಟೆಗೆ ಬಂತು.

ರೋಗಿಗಳೇ ಕಡಿದ ದಾರಿ

ಈ ಚರಿತ್ರೆಯಲ್ಲಿ ನನಗೆ ಧೈರ್ಯ ಕೊಟ್ಟ ಸಂಗತಿ ಬೇರೆಯೇ ಉಂಟು. ವೈದ್ಯರು ಮದ್ದು ಹುಡುಕಿದರು, ಸರಿ. ಆ ಮದ್ದು ಹಳ್ಳಿಯ ಹುಡುಗನವರೆಗೆ ಬರುವ ದಾರಿ ಕಡಿದವರಲ್ಲಿ ಬಹಳ ಜನ ಸ್ವತಃ ಈ ಕಾಯಿಲೆಯಲ್ಲೇ ಬೆಳೆದವರು.

ಕೆನಡಾದ ಮಾಂಟ್ರಿಯಲ್‌ನ ಫ್ರಾಂಕ್ ಶ್ನಾಬೆಲ್ ವ್ಯಾಪಾರಿ. ತೀವ್ರ ಹಿಮೋಫಿಲಿಯಾ ಇದ್ದವರು. 1953ರಲ್ಲಿ ಕೆನಡಾದಲ್ಲಿ ರೋಗಿಗಳ ಸಂಘ ಕಟ್ಟಿದರು. 1963ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಹಲವು ದೇಶದವರನ್ನು ಸೇರಿಸಿ ಹಿಮೋಫಿಲಿಯಾ ವಿಶ್ವ ಒಕ್ಕೂಟ ಆರಂಭಿಸಿದರು. ಕಲುಷಿತ ರಕ್ತದಿಂದ ಬಂದ ಏಡ್ಸ್‌ನಿಂದ 1987ರಲ್ಲಿ ತೀರಿಕೊಂಡರು. ಅವರು ಹುಟ್ಟಿದ ಏಪ್ರಿಲ್ 17ನ್ನು 1989ರಿಂದ ವಿಶ್ವ ಹಿಮೋಫಿಲಿಯಾ ದಿನವಾಗಿ ಆಚರಿಸುತ್ತಾರೆ.

‘ಬಿ’ ವಿಧಕ್ಕೆ ‘ಕ್ರಿಸ್‌ಮಸ್ ಕಾಯಿಲೆ’ ಎಂಬ ಹೆಸರೂ ಉಂಟು. ಹಬ್ಬಕ್ಕೂ ಅದಕ್ಕೂ ಸಂಬಂಧ ಇಲ್ಲ. 1952ರಲ್ಲಿ ಈ ವಿಧ ಬೇರೆ ಎಂದು ಮೊದಲು ವಿವರವಾಗಿ ಬರೆದಾಗ ಪರೀಕ್ಷೆಗೆ ಸಿಕ್ಕಿದ ಐದು ವರ್ಷದ ಹುಡುಗನ ಹೆಸರು ಸ್ಟೀಫನ್ ಕ್ರಿಸ್‌ಮಸ್. ಆತ ಕೆನಡಾದ ಟೊರಾಂಟೋದಲ್ಲಿ ಬೆಳೆದು ಫೋಟೋಗ್ರಾಫರ್ ಆದರು. ರಕ್ತದಿಂದ ತನಗೇ ಏಡ್ಸ್ ರೋಗಾಣು ಅಂಟಿದ ಮೇಲೆ ಸುರಕ್ಷಿತ ರಕ್ತಕ್ಕಾಗಿ ಹೋರಾಡಿದರು. 1993ರಲ್ಲಿ ತೀರಿಕೊಂಡರು. ಇವತ್ತು ನಮಗೆ ಪರೀಕ್ಷೆ ಮಾಡಿದ ರಕ್ತ ಸಿಗುತ್ತಿದ್ದರೆ ಅಂಥವರ ಪಾಲೂ ಅದರಲ್ಲಿ ಉಂಟು.

ನಮ್ಮ ದೇಶದಲ್ಲಿ 1983ರಲ್ಲಿ ಹಿಮೋಫಿಲಿಯಾ ಒಕ್ಕೂಟವನ್ನು ದಿಲ್ಲಿಯಲ್ಲಿ ಸ್ಥಾಪಿಸಿದ ಅಶೋಕ್ ಬಹಾದುರ್ ವರ್ಮಾ ಅವರಿಗೂ ಇದೇ ಕಾಯಿಲೆ. ಕರ್ನಾಟಕದಲ್ಲಿ ದಾವಣಗೆರೆಯ ಡಾ. ಸುರೇಶ್ ಹನಗವಾಡಿಯವರ ಹೆಸರು ಹೇಳದಿದ್ದರೆ ಈ ಲೇಖನ ಪೂರ್ತಿಯಾಗದು. ಹಿಮೋಫಿಲಿಯಾದಲ್ಲೇ ಬೆಳೆದು ವೈದ್ಯರಾದರು, ರಕ್ತ ಪರೀಕ್ಷೆಯ ಪೆಥಾಲಜಿ ವಿಭಾಗದಲ್ಲಿ ಪ್ರಾಧ್ಯಾಪಕರಾದರು. ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯನ್ನು ಕಟ್ಟಿದರು. ಬೆಂಗಳೂರಿಗೆ ಹೋಗಲಾಗದ ಮಧ್ಯ ಕರ್ನಾಟಕದ ಎಷ್ಟೋ ಬಡ ಮನೆಯವರಿಗೆ ಚಿಕಿತ್ಸೆಗೆ ಒಂದು ವಿಳಾಸ ಅಂತ ಆದದ್ದು ದಾವಣಗೆರೆ.

ಇವರೆಲ್ಲ ಮಾಡಿದ್ದು ಒಂದೇ ಕೆಲಸ. ತನ್ನ ಮೈ ಉಳಿಸಿಕೊಳ್ಳಲು ಕಲಿತದ್ದನ್ನು ಇನ್ನೊಬ್ಬನ ಮನೆಗೆ ಮುಟ್ಟಿಸಿದರು. ಅದಕ್ಕೆ ಗಟ್ಟಿ ಕಾಲು ಬೇಕಾಗಲಿಲ್ಲ.

ಚಾಪೆಯ ಮೇಲಿನ ಲೆಕ್ಕ

ನಾನೇನೂ ಅಷ್ಟು ದೊಡ್ಡದು ಮಾಡಿದವನಲ್ಲ. ಆದರೆ ಸಣ್ಣದೊಂದು ಕೆಲಸ ನನಗೂ ಸಿಕ್ಕಿತು.

ಮರ ಹತ್ತಲಾಗದ, ಕತ್ತಿ ಹಿಡಿಯಬಾರದ ಹುಡುಗನಿಗೆ ಅಡಿಕೆ ತೋಟದಲ್ಲಿ ಏನು ಕೆಲಸ? ಅಪ್ಪ ತೋಟದ ಲೆಕ್ಕದ ಪುಸ್ತಕ ನನ್ನ ಚಾಪೆಯ ಬದಿಗಿಟ್ಟರು. ಎಷ್ಟು ಗೊನೆ, ಎಷ್ಟು ಆಳು, ಯಾವ ದಿನ ಮದ್ದು ಬಿಟ್ಟದ್ದು, ಮಳೆ ಎಷ್ಟು ಅಂತ ಬರೆಯುವುದು. ಅದೇ ಪುಸ್ತಕದ ಹಿಂದಿನ ಪುಟಗಳಲ್ಲಿ ನನ್ನ ಮೈಯ ಲೆಕ್ಕವನ್ನೂ ಬರೆಯತೊಡಗಿದೆ. ಯಾವ ಗಂಟು, ಯಾವ ಹೊತ್ತಿಗೆ, ಹಿಂದಿನ ದಿನ ಏನು ಮಾಡಿದ್ದೆ, ಎಷ್ಟು ಚೀಲ ಕ್ರಯೋ, ಎಷ್ಟು ದಿನಕ್ಕೆ ಎದ್ದೆ.

ಎರಡು ವರ್ಷದ ಲೆಕ್ಕ ಸೇರಿದಾಗ ಕೆಲವು ಸಂಗತಿ ತಾನಾಗಿಯೇ ಕಂಡಿತು. ಮೇಲಿನ ತೋಟದ ಮೆಟ್ಟಿಲು ಹತ್ತಿದ ಮರುದಿನವೇ ಮೊಣಕಾಲು. ಕೆರೆಯಲ್ಲಿ ಈಜಿದ ತಿಂಗಳಲ್ಲಿ ರಕ್ತಸ್ರಾವ ಕಡಿಮೆ. ಊತ ಕಾಣುವ ಮೊದಲು ಗಂಟಿನೊಳಗೆ ಬೆಚ್ಚಗೆ ಜುಂ ಅನ್ನುತ್ತದೆ. ಆ ಹೊತ್ತಿಗೇ ಹೊರಟು ಫ್ಯಾಕ್ಟರ್ ತೆಗೆದುಕೊಂಡರೆ ಎರಡು ದಿನದಲ್ಲಿ ಎದ್ದೇಳಬಹುದು. ಊದಿದ ಮೇಲೆ ಹೋದರೆ ಹದಿನೈದು ದಿನ. ಸ್ನಾಯು ಗಟ್ಟಿ ಇದ್ದರೆ ಗಂಟಿಗೆ ರಕ್ಷಣೆ ಅಂತ ಪುಸ್ತಕಗಳಲ್ಲಿ ಇರುವುದನ್ನು ನಾನು ಆಮೇಲೆ ಓದಿದೆ.

ತೋಟದ ಕೆಲಸವನ್ನೂ ಇದೇ ಲೆಕ್ಕದಲ್ಲಿ ಆರಿಸಿಕೊಂಡೆ. ಕಾಳುಮೆಣಸಿನ ನರ್ಸರಿ ಮಾಡಿದೆ. ಸರ್ಪೆಂಟೈನ್ ಕ್ರಮದಲ್ಲಿ ಬಳ್ಳಿ ನೆಲದಲ್ಲೇ ಹಬ್ಬಿಸಿ ಗಂಟುಗಂಟಿಗೆ ಬೇರು ಬರಿಸುವುದು. ಕುರ್ಚಿಯಲ್ಲಿ ಕೂತು ಮಾಡುವಂಥದ್ದು. ತೊಟ್ಟೆಗಳನ್ನು ಸೊಂಟದೆತ್ತರದ ಮೇಜಿನಲ್ಲಿ ಇಟ್ಟೆ, ಬಗ್ಗುವುದು ತಪ್ಪಿತು. ಕೊಕ್ಕೋ ಕಾಯಿಯನ್ನು ಕತ್ತಿಯಲ್ಲಿ ಕಡಿಯದೆ ಮರದ ಕೊಡತಿಯಲ್ಲಿ ಒಡೆಯುವುದು. ಬೀಜಕ್ಕೂ ಗಾಯವಿಲ್ಲ, ನನಗೂ ಇಲ್ಲ. ಅಡಿಕೆ ಕೊಯ್ಲು, ಮದ್ದು ಬಿಡುವುದು ಬೇರೆಯವರ ಪಾಲು. ನೀರಾವರಿ, ಗೊಬ್ಬರದ ಲೆಕ್ಕ, ಮಾರಾಟ ನನ್ನ ಪಾಲು. ಸಂಸಾರಕ್ಕೆ ಸಾಕಾಗುವಷ್ಟು ಆಗಿದೆ.

ಬೇಲಿ ದಾಟಿದ ಪುಸ್ತಕ

1998ರ ಮಳೆಗಾಲದಲ್ಲಿ ಪಕ್ಕದ ತಾಲೂಕಿನಿಂದ ಒಬ್ಬ ತಾಯಿ ಆರು ವರ್ಷದ ಹುಡುಗನನ್ನು ಎತ್ತಿಕೊಂಡು ಬಂದರು. ಜತೆಯಲ್ಲಿ ಅತ್ತೆ. ಹುಡುಗನ ಮೊಣಕೈ ಊದಿತ್ತು. ಆಸ್ಪತ್ರೆಯವರು ಕಾಯಿಲೆಯ ಹೆಸರು ಬರೆದು ಕೊಟ್ಟಿದ್ದರು, ತಾಯಿಯ ಕಡೆಯಿಂದ ಬಂದದ್ದು ಅಂತಲೂ ಹೇಳಿದ್ದರು. ಅಷ್ಟು ಕೇಳಿದ್ದೇ ಅವರ ಮನೆಯಲ್ಲಿ ಸೊಸೆಯನ್ನು ತವರಿಗೆ ಕಳಿಸುವ ಮಾತು ಸುರುವಾಗಿತ್ತು.

ನಾನು ಹುಡುಗನ ಕೈಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಐಸ್ ಇಟ್ಟು, ಪುಸ್ತಕ ಬಿಡಿಸಿ ಅತ್ತೆಯ ಹತ್ತಿರ ಕೂತೆ. ಎಕ್ಸ್, ವೈ ಎಲ್ಲ ಬಿಟ್ಟು ಅಡಿಕೆ, ಕೊಕ್ಕೋ ಬೀಜ ಇಟ್ಟು ತೋರಿಸಿದೆ. “ಈ ಅಡಿಕೆಯಲ್ಲಿ ಹುಳ ಉಂಟು ಅಂತ ಹೊರಗಿಂದ ಗೊತ್ತಾಗ್ತದಾ ಅಮ್ಮ? ಇವರಿಗೂ ಹಾಗೆಯೇ, ಗೊತ್ತಿರಲಿಲ್ಲ.” ಆ ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ನನ್ನ ತಂಗಿಯ ಮಗನೂ ಹೀಗೇ ಹೋದ. ಅವಳನ್ನೂ ಎಲ್ಲರೂ ಬಯ್ದದ್ದು” ಅಂದರು. ಮಧ್ಯಾಹ್ನದ ಬಸ್ಸಿಗೆ ಮೂವರೂ ಒಟ್ಟಿಗೇ ಫ್ಯಾಕ್ಟರ್ ಸಿಗುವ ಆಸ್ಪತ್ರೆಗೆ ಹೋದರು. ಆ ತಾಯಿ ತವರಿಗೆ ಹೋಗಬೇಕಾಗಲಿಲ್ಲ. ಹುಡುಗ ಈಗ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಎರಡೂ ಮೊಣಕೈ ನೆಟ್ಟಗಿದೆ.

ಅಲ್ಲಿಂದ ಮೇಲೆ ಫೋನು ಬರುವುದು ನಿಂತಿಲ್ಲ. ರಾತ್ರಿ ಹನ್ನೊಂದಕ್ಕೆ, “ಅಣ್ಣ, ಮಗು ಮಂಚದಿಂದ ಬಿತ್ತು, ತಲೆಗೆ ಏಟು, ಅಳುವುದಿಲ್ಲ, ಆರಾಮ ಇದ್ದಾನೆ” ಅಂತ. ಆರಾಮ ಇದ್ದರೂ ಹೊರಡಿ, ಈಗಲೇ ಹೊರಡಿ ಅಂತ ನಾನು ಹೇಳುವುದು. ನನಗೆ ವೈದ್ಯಕೀಯ ಗೊತ್ತಿಲ್ಲ, ಮದ್ದು ಹೇಳುವುದೂ ಇಲ್ಲ. ಯಾವಾಗ ಹೊರಡಬೇಕು, ಎಲ್ಲಿಗೆ ಹೋಗಬೇಕು, ಅಲ್ಲಿ ಹೋಗಿ ಏನು ಹೇಳಬೇಕು, ಈ ಮೂರು ಗೊತ್ತು. ಹಳ್ಳಿಯ ಮನೆಗಳಲ್ಲಿ ಮಕ್ಕಳು ಹೋಗುವುದು ಹೆಚ್ಚಾಗಿ ಈ ಮೂರು ಗೊತ್ತಿಲ್ಲದೆ.

ಕಾಯಿಲೆ ದೇವರ ವರ ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ರಾತ್ರಿಯಿಡೀ ಮೊಣಕಾಲು ಹಿಡಿದು ಅತ್ತವನಿಗೆ ಅದು ವರವಲ್ಲ. ಆದರೆ ಆ ನೋವು ಕಲಿಸಿದ್ದು ಇನ್ನೊಂದು ಮನೆಯ ಉಪಯೋಗಕ್ಕೆ ಬಂದಾಗ, ನಾನು ತೋಟದಲ್ಲಿ ದಂಡಕ್ಕೆ ಕೂತವನು ಎಂಬ ಯೋಚನೆ ಹೋಯಿತು. ನನಗೆ ಅಷ್ಟು ಸಾಕು.

ಮನೆಯವರು ತಿಳಿದಿರಬೇಕಾದ್ದು

* ಅಂಬೆಗಾಲಿಡುವ ಗಂಡುಮಗುವಿಗೆ ಕಾರಣವಿಲ್ಲದೆ ನೀಲಿ ಕಲೆ, ಗಂಟು ಊತ, ಹಾಲುಹಲ್ಲು ಬಿದ್ದಾಗ ನಿಲ್ಲದ ರಕ್ತ ಕಂಡರೆ ‘ಎಪಿಟಿಟಿ’ ಎಂಬ ರಕ್ತ ಪರೀಕ್ಷೆ ಮಾಡಿಸಿ. ಅದರಲ್ಲಿ ಸಮಯ ಹೆಚ್ಚು ಬಂದರೆ ಫ್ಯಾಕ್ಟರ್ ಪರೀಕ್ಷೆ ಮಾಡಿಸಬೇಕು.

* ಗಂಟು ಜುಂ ಅಂದ ಕೂಡಲೇ ಓಡಾಟ ನಿಲ್ಲಿಸಿ. ಬಟ್ಟೆಯಲ್ಲಿ ಸುತ್ತಿದ ಐಸನ್ನು 15-20 ನಿಮಿಷ ಇಡಿ. ಹದವಾಗಿ ಬಟ್ಟೆ ಸುತ್ತಿ, ಕೈಕಾಲು ಎತ್ತರದಲ್ಲಿರಿಸಿ. ಎಣ್ಣೆ ತಿಕ್ಕಬೇಡಿ, ಬಿಸಿ ಶಾಖ ಬೇಡ. ಇದೆಲ್ಲ ದಾರಿಯ ತನಕ ಮಾತ್ರ, ನಿಜವಾದ ಮದ್ದು ಫ್ಯಾಕ್ಟರ್.

* ತಲೆ, ಕುತ್ತಿಗೆ, ಹೊಟ್ಟೆಗೆ ಏಟಾದರೆ ಲಕ್ಷಣಕ್ಕಾಗಿ ಕಾಯಬಾರದು. ಮೊದಲು ಫ್ಯಾಕ್ಟರ್, ಆಮೇಲೆ ಸ್ಕ್ಯಾನ್. ಈ ಕ್ರಮವನ್ನು ಆಸ್ಪತ್ರೆಯಲ್ಲಿ ನೀವೇ ನೆನಪಿಸಬೇಕಾದೀತು.

* ಸ್ನಾಯುವಿಗೆ ಇಂಜೆಕ್ಷನ್ ಬೇಡ ಅಂತ ಮೊದಲೇ ಹೇಳಿ. ಹಾಗಂತ ಲಸಿಕೆ ತಪ್ಪಿಸಬೇಡಿ. ಸಣ್ಣ ಸೂಜಿಯಲ್ಲಿ ಚರ್ಮದಡಿಗೆ ಕೊಟ್ಟು ಐದು-ಹತ್ತು ನಿಮಿಷ ಒತ್ತಿ ಹಿಡಿಯಬಹುದು. ವೈದ್ಯರಲ್ಲಿ ಕೇಳಿ.

* ಆಸ್ಪಿರಿನ್ ಕೂಡದು. ನೋವಿಗೆ ಪ್ಯಾರಾಸಿಟಮಾಲ್ ಆಗುತ್ತದೆ. ಬೇರೆ ನೋವಿನ ಮಾತ್ರೆ ವೈದ್ಯರನ್ನು ಕೇಳದೆ ಬೇಡ.

* ಹಲ್ಲು ಕೀಳಿಸುವುದು, ಕಿವಿ ಚುಚ್ಚುವುದು, ಸಣ್ಣ ಆಪರೇಷನ್, ಯಾವುದೇ ಆದರೂ ಫ್ಯಾಕ್ಟರ್ ಸಿದ್ಧ ಇಟ್ಟುಕೊಂಡೇ. ಹಲ್ಲು ಕೆಡದಂತೆ ದಿನಾ ಉಜ್ಜಿಸುವುದು ಎಲ್ಲಕ್ಕಿಂತ ಅಗ್ಗ.

* ಸೀಸೆಯ ಫ್ಯಾಕ್ಟರನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು, ಐಸ್ ಆಗುವಲ್ಲಿ ಇಡಬಾರದು. ಕರೆಂಟು ಹೋಗುವ ಊರಿನವರು ಫ್ರಿಜ್ಜಿನ ಹೊರಗೆ ಎಷ್ಟು ದಿನ ತಡೆಯುತ್ತದೆ ಎಂದು ಅದರ ಚೀಟಿಯಲ್ಲಿ ಓದಿಕೊಳ್ಳಿ.

* ಮಗುವಿನ ಕಿಸೆಯಲ್ಲಿ ಕಾಯಿಲೆಯ ಹೆಸರು, ಫ್ಯಾಕ್ಟರ್ ನಂಬರು, ರಕ್ತದ ಗುಂಪು, ಮನೆಯ ಫೋನು ಬರೆದ ಚೀಟಿ ಇರಲಿ. ಟೀಚರಿಗೂ ಒಂದು ಪ್ರತಿ ಕೊಡಿ.

* ಮಗುವನ್ನು ಹತ್ತಿಯಲ್ಲಿ ಸುತ್ತಿ ಇಡಬೇಡಿ. ಈಜು, ನಡಿಗೆ ಬೇಕು. ಕಬಡ್ಡಿ ಬೇಡ.

ಈಗಿನ ಕಾಲ

ಕರ್ನಾಟಕದ ಜಿಲ್ಲಾ ಸರಕಾರಿ ಆಸ್ಪತ್ರೆಗಳಲ್ಲಿ ಈಗ ಫ್ಯಾಕ್ಟರನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಉಂಟು. ಹೊರಡುವ ಮೊದಲು ದಾಸ್ತಾನು ಇದೆಯಾ ಅಂತ ಫೋನು ಮಾಡಿ ಕೇಳಿಕೊಳ್ಳುವುದು ಒಳ್ಳೆಯದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿಗೆ ಹಿಮೋಫಿಲಿಯಾವೂ ಸೇರಿದೆ. ಅದರ ಪ್ರಮಾಣಪತ್ರ ಮಾಡಿಸಿಕೊಳ್ಳಿ.

‘ಎ’ ಇರುವವರಿಗೆ ಎಮಿಸಿಜುಮಾಬ್ ಎಂಬ ಹೊಸ ಮದ್ದು 2017ರಲ್ಲಿ ಅಮೆರಿಕದಲ್ಲಿ ಮೊದಲು ಒಪ್ಪಿಗೆ ಪಡೆಯಿತು. ನರ ಹುಡುಕಬೇಕಾಗಿಲ್ಲ, ಚರ್ಮದಡಿಗೆ ವಾರಕ್ಕೊಮ್ಮೆಯೋ ಎರಡು ಅಥವಾ ನಾಲ್ಕು ವಾರಕ್ಕೊಮ್ಮೆಯೋ ಚುಚ್ಚಿದರೆ ರಕ್ತಸ್ರಾವ ಆಗದಂತೆ ತಡೆಯುತ್ತದೆ. ದುಬಾರಿ ಮದ್ದು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ತೀವ್ರ ಹಿಮೋಫಿಲಿಯಾ ‘ಎ’ ಇದ್ದ ಐವರಿಗೆ ಅವರದ್ದೇ ರಕ್ತದ ಮೂಲಕೋಶಗಳಲ್ಲಿ ಸರಿಯಾದ ವಂಶವಾಹಿ ಸೇರಿಸಿ ಚಿಕಿತ್ಸೆ ಮಾಡಿದ ಫಲಿತಾಂಶ 2024ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಆ ಐವರಿಗೂ ಚಿಕಿತ್ಸೆಯ ನಂತರ ರಕ್ತಸ್ರಾವ ನಿಂತಿತ್ತು. ಇವತ್ತು ಹುಟ್ಟುವ ಹುಡುಗ ನನ್ನ ಹಾಗೆ ಕುಂಟಬೇಕಾಗಿಲ್ಲ.

ಆದರೆ ಎಷ್ಟು ಒಳ್ಳೆಯ ಮದ್ದು ಬಂದರೂ ಕಾಯಿಲೆಯ ಗುರುತು ಹಿಡಿಯುವುದು ಮೊದಲು ಮನೆಯವರು, ಅಂಗನವಾಡಿಯವರು, ಆಶಾ ಕಾರ್ಯಕರ್ತೆಯರು. ಈ ಪುಟ ಓದಿದ ಮೇಲೆ ಕಟ್ಟು ಹಾಕಿ ಅಟ್ಟಕ್ಕೆ ಎಸೆಯಬೇಡಿ. ‘ಮನೆಯವರು ತಿಳಿದಿರಬೇಕಾದ್ದು’ ಎಂಬ ಭಾಗ ಕತ್ತರಿಸಿ ನಿಮ್ಮೂರ ಅಂಗನವಾಡಿಯ ಗೋಡೆಗೆ ಅಂಟಿಸಿ. ಗಂಟು ಊದಿದ ಹುಡುಗ ಯಾರ ಮನೆಯಲ್ಲಾದರೂ ಇದ್ದರೆ ಅವರಿಗೆ ಓದಿ ಹೇಳಿ. ಮತ್ತೆ, ವರ್ಷಕ್ಕೆ ಎರಡು ಸಲವಾದರೂ ರಕ್ತ ಕೊಡಿ.